ಮಾವಶಿ ಕಟ್ಟಿಕೊಟ್ಟ ಏಳು ಗಂಟು

ಏಪ್ರಿಲ್ ಹನ್ನೆರಡು, ಭಾನುವಾರ, ಮಧ್ಯಾಹ್ನ ಮೂರು ಇಪ್ಪತ್ತು. ಚಿಕ್ಕೋಡಿ.

ಸೂಟ್‌ಕೇಸಿನ ಮುಚ್ಚಳ ತೆರೆದಾಗ ಮೊದಲು ಬಂದದ್ದು ಡಾಂಬರ ಗುಳಿಗೆಯ ವಾಸನೆ. ದೀಪಾವಳಿಯ ನಂತರ ಅಟ್ಟ ಸೇರಿದ್ದ ಸೂಟ್‌ಕೇಸು ಅದು. ಜಿರಲೆ ಹೊಗದಿರಲಿ ಎಂದು ನಾನೇ ನಾಲ್ಕು ಬಿಳಿ ಗುಳಿಗೆ ಒಳಗೆ ಹಾಕಿಟ್ಟಿದ್ದೆ. ನಾಳೆ ನನ್ನ ಇಬ್ಬರು ಮಕ್ಕಳು ಬೇಸಿಗೆ ರಜೆಗೆ ರಾಯಬಾಗದ ನನ್ನ ತವರಿಗೆ ಹೊರಟಿದ್ದಾರೆ. ಆಫೀಸಿನಲ್ಲಿ ನನಗೆ ರಜೆ ಸಿಕ್ಕಿಲ್ಲ, ಹೀಗಾಗಿ ಮೊದಲ ಸಲ ನಾನಿಲ್ಲದೆ ಹೋಗುತ್ತಿದ್ದಾರೆ. ಮಂಚದ ತುಂಬ ಬಟ್ಟೆ ಹರವಿಕೊಂಡು, ನನ್ನ ರೂಢಿಯಂತೆ ಡೈರಿಯಲ್ಲಿ ಲೆಕ್ಕ ಹಾಕುತ್ತಿದ್ದೆ. ಮಗಳ ಫ್ರಾಕು ಐದು, ಮಗನ ಚಡ್ಡಿ ಒಂಬತ್ತು, ಅಂಗಿ ಏಳು, ಜೋಡಿ ಕಳೆದುಕೊಂಡ ಸಾಕ್ಸು ಮೂರು. ಆ ಸಾಕ್ಸುಗಳ ಜೋಡಿ ಸೂಟ್‌ಕೇಸಿನ ಮೂಲೆಯಲ್ಲೇನಾದರೂ ಇರಬಹುದೇ ಎಂದು ಬಗ್ಗಿದೆ. ಘಾಟು ಮೂಗಿಗೆ ಹೊಡೆಯಿತು. ಹದಿನೆಂಟು ವರ್ಷದ ಹಿಂದಿನ ದನಿಯೊಂದು ಕಿವಿಯ ಪಕ್ಕದಲ್ಲೇ ಬೈದಂತಾಯಿತು.

"ಶೀ... ಮೊದಲ ಆ ಡಾಂಬರ ಗುಳಿಗಿ ತಗದ ಒಗಿರಿ! ಮಕ್ಕಳ ಬಟ್ಟಿಗಿ ಅವ್ವನ ವಾಸನಿ ಇರಬೇಕು, ದವಾಖಾನಿ ವಾಸನಿ ಅಲ್ಲ."

ಅದು ನಮ್ಮ ಬಾಜೂಮನೆ ಮಾವಶಿಯ ದನಿ.

ನನಗಾಗ ಹನ್ನೊಂದು ವರ್ಷ, ತಮ್ಮನಿಗೆ ನಾಲ್ಕು. ರಾಯಬಾಗದಲ್ಲಿ ಒಂದೇ ಸಾಲಿನ ಐದು ಬಾಡಿಗೆ ಮನೆಗಳಲ್ಲಿ ನಡುವಿನದು ನಮ್ಮದು, ಅದರ ಬಲಕ್ಕೆ ಮಾವಶಿಯದು. ಅವರು ನಿಪ್ಪಾಣಿ ಕಡೆಯವರು, ಮಾವಶಿ ಎಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಯಜಮಾನರು ಸಕ್ಕರೆ ಕಾರ್ಖಾನೆಯೊಂದರ ಕಾಟಾದಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸದಲ್ಲಿದ್ದರು. ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಹೋಗುತ್ತ ಆ ದಂಪತಿ ಎಂಟು ಊರು ತಿರುಗಿದ್ದರು. "ನಂದು ಸಂಸಾರ ಮನ್ಯಾಗ ಇಲ್ರಿ, ಪೆಟಗ್ಯಾಗ ಐತಿ" ಎಂದು ಮಾವಶಿ ನಗುತ್ತಿದ್ದರು. ಗಂಟು ಕಟ್ಟುವುದರಲ್ಲಿ ಅವರ ಕೈ ಪಳಗಿತ್ತು. ಸಾಲಿನ ಉಳಿದ ನಾಲ್ಕೂ ಮನೆಯವರು ಊರಿಗೆ ಹೊರಟರೆ ಹಿಂದಿನ ದಿನ ಮಾವಶಿಯನ್ನು ಕರೆಯುತ್ತಿದ್ದರು.

ಆ ಬೇಸಿಗೆ ನಮ್ಮ ಮನೆಗೆ ಅವರು ಕರೆಯದೆಯೇ ಬಂದರು. ಕಾರಣ ಇತ್ತು. ಅವ್ವನಿಗೆ ಐದು ತಿಂಗಳು ತುಂಬಿತ್ತು. ಅದಕ್ಕೂ ಮೊದಲು ಎರಡು ಸಲ ಹೊಟ್ಟೆಯಲ್ಲಿ ಕೂಸು ನಿಂತಿರಲಿಲ್ಲ. ಈ ಸಲ ನಿಲ್ಲಬೇಕಾದರೆ ಮಲಗಿಯೇ ಇರಬೇಕು, ತುಂಬಿದ ಕೊಡ ಸಹ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಕೊಡದ ಕೆಲಸ ಅಪ್ಪ ಮಾಡುತ್ತಿದ್ದ. ಆದರೆ ತಮ್ಮ ಕೊಡಕ್ಕಿಂತ ಭಾರವಿದ್ದ, ಮೇಲಾಗಿ ಅವ್ವನ ಕಂಕುಳು ಬಿಟ್ಟು ಇಳಿಯುತ್ತಿರಲಿಲ್ಲ. ರಾತ್ರಿ ಅವಳ ಸೆರಗು ಮುಷ್ಟಿಯಲ್ಲಿದ್ದರಷ್ಟೇ ನಿದ್ದೆ. ಅವನು ಕೈ ಚಾಚಿ ಅತ್ತರೆ ಅವ್ವ ಎಲ್ಲ ಮರೆತು ಎತ್ತಿಕೊಂಡೇ ಬಿಡುತ್ತಿದ್ದಳು. ಆದ್ದರಿಂದ ನಮ್ಮಿಬ್ಬರನ್ನೂ ರಜೆ ಮುಗಿಯುವ ತನಕ ಅಥಣಿ ತಾಲೂಕಿನ ಅನಂತಪುರದಲ್ಲಿದ್ದ ಅತ್ತಿಯ ಮನೆಗೆ, ಅಂದರೆ ಅಪ್ಪನ ಅಕ್ಕನ ಮನೆಗೆ, ಕಳಿಸುವುದೆಂದು ನಿಶ್ಚಯವಾಯಿತು. ತಮ್ಮ ಅಲ್ಲಿ ನಿಲ್ಲುತ್ತಾನೆಯೇ ಎಂಬುದೊಂದೇ ಎಲ್ಲರ ಚಿಂತೆ.

ಮಾವಶಿ ಬಂದಾಗ ಅಪ್ಪ ಸೂಟ್‌ಕೇಸು ತುಂಬಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದ.

"ಭಾವುಜಿ, ಇದೇನ ಸೂಟ್‌ಕೇಸ್ ತುಂಬೀರೋ, ಕಬ್ಬಿನ ಟ್ರ್ಯಾಲಿ ಹೇರೀರೋ?"

"ಮುಚ್ಚಳಾ ಹತ್ತತೈತ್ರಿ ಅಕ್ಕಾರ."

"ಹತ್ತತೈತಿ, ನೀವು ಮ್ಯಾಲ ಕುಂತ್ರ! ಅನಂತಪುರ ತನಾ ನೀವೂ ಅದರ ಮ್ಯಾಲ ಕುಂತ ಹೋಗಾವ್ರನ?"

ಮಲಗಿದ್ದ ಅವ್ವನೂ ನಕ್ಕಳು. ಮಾವಶಿ ಸೂಟ್‌ಕೇಸನ್ನು ಮಂಚದ ಮೇಲೆ ಬೋರಲು ಹಾಕಿದರು. ಗುಳಿಗೆಗಳು ನೆಲಕ್ಕೆ ಉರುಳಿದ್ದು, ಅವರು ಮೂಗು ಮುಚ್ಚಿ ಬೈದದ್ದು ಆಗಲೇ. ಆಮೇಲೆ ಕಾಲು ಮಡಚಿ ಕೂತು ತಮ್ಮ ಪದ್ಧತಿ ಶುರು ಮಾಡಿದರು. ಅಂಗಿಯೆಲ್ಲ ಒಂದು ಕಡೆ, ಚಡ್ಡಿಯೆಲ್ಲ ಒಂದು ಕಡೆ ಇಡುವುದು ಅಂಗಡಿಯವರ ರೀತಿ, ಮಕ್ಕಳಿಗಲ್ಲ ಎಂಬುದು ಅವರ ವಾದ. ಮಗು ಒಂದು ಅಂಗಿ ಹುಡುಕಲು ಹೋಗಿ ಇಡೀ ಸೂಟ್‌ಕೇಸು ಕೆದರುತ್ತದೆ. ಹಾಗಾಗಿ ಒಂದು ದಿನಕ್ಕೆ ಒಂದು ಗಂಟು. ಕೆಳಗೆ ಅಂಗಿ, ಅದರ ಮೇಲೆ ಚಡ್ಡಿ, ಬನಿಯನ್ನು, ಕರವಸ್ತ್ರ. ಚಪಾತಿಯ ಸುರುಳಿಯಂತೆ ಸುತ್ತಿ ಬಿಗಿಯಾಗಿ ಕಟ್ಟುವುದು. ಹೀಗೆ ಏಳು ಗಂಟು. ವಾರದ ಕೊನೆಗೆ ಒಗೆದು ಮತ್ತೆ ಕಟ್ಟಬೇಕು. ಮಾಸಿದ ಬಟ್ಟೆಗೆ ಬೇರೆ ಚೀಲ. ಹೊಸ ಅಂಗಿ ಮಾತ್ರ ಎಲ್ಲಕ್ಕಿಂತ ತಳದಲ್ಲಿ.

"ಹೊಸಾದು ಯಾಕ ತಳದಾಗ ಮಾವಶಿ?" ಎಂದೆ.

"ಮೊದಲನೇ ದಿನಾನ ಹೊಸ ಅಂಗಿ ಹಾಕ್ಕೊಂಡ ನಿಂತ್ರ ನಿಮ್ಮ ಅತ್ತಿ ಯಾಕ ಬ್ಯಾರೇ ಕೊಡಸ್ತಾಳ? ಇಷ್ಟೂ ತಿಳಿಯೂದಿಲ್ಲನ ಪೋರಿ!"

ಕಟ್ಟಲು ಏನು ಬೇಕು ಎಂದು ಅಪ್ಪ ಕೇಳಿದ. ಮಾವಶಿ ಅವ್ವನ ಕಡೆ ತಿರುಗಿದರು. "ವೈನಿ, ನಿಮ್ಮದೊಂದು ಹಳೇ ಪತ್ತಲ ಕೊಡ್ರಿ. ಒಗದದ್ದು ಬ್ಯಾಡ, ನಿನ್ನಿ ಉಟ್ಟದ್ದು."

"ಅಯ್ಯ, ಅದಕ್ಕ ಬೆವರಿನ ವಾಸನಿ ಬರತೈತಲ್ರಿ."

"ಅದಽ ಬೇಕು."

ಬದನೆಕಾಯಿ ಬಣ್ಣದ, ಹತ್ತಾರು ಸಲ ಒಗೆದು ಮೆತ್ತಗಾದ ಸೀರೆ. ಮಾವಶಿ ಹಲ್ಲಿನಿಂದ ಅಂಚು ಕಚ್ಚಿ ಚರ್ರೆಂದು ಹರಿದರು. ಏಳು ಪಟ್ಟಿಯಾಯಿತು. ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದೇ ಗಂಟು ಅವನ ಕೈಯಿಂದಲೇ ಬಿಗಿಸಿದರು. "ನೋಡ ಸೋನ್ಯಾ, ನನ್ನ ಬಂಗಾರಾ, ದಿನಾ ಮುಂಜಾನಿ ಒಂದ ಗಂಟು ಬಿಚ್ಚೂದು. ಅಂಗಿ ಹಾಕ್ಕೊಳ್ಳೂದು, ಪತ್ತಲದ ತುಂಡು ಕಿಸೆದಾಗ ಇಟಗೊಳ್ಳೂದು. ರಾತ್ರಿ ಅದನ್ನ ಹಿಡಕೊಂಡ ಮಲಗೂದು. ಅವ್ವ ಬಾಜೂಕ ಇದ್ದಂಗ." ಅವನು ಗಂಭೀರವಾಗಿ ತಲೆಯಾಡಿಸಿದ.

ನನ್ನ ಗಂಟುಗಳಿಗೆ ಬರೀ ಸುತಳಿ. ನಾನು ಮುಖ ಊದಿಸಿದೆ.

"ನೀ ಹನ್ನೊಂದು ವರ್ಷದ ಮುದಿಕಿ ಆಗೀದಿ. ಅಂವ ಅಳದಂಗ ನೋಡಕೊಳ್ಳೂದು ನಿನ್ನ ಕೆಲಸ" ಎಂದು ಮಾವಶಿ ನನ್ನ ಗಲ್ಲ ಹಿಂಡಿದರು. ಆ ಮಾತಿನಿಂದ ಬಂದ ಹೆಮ್ಮೆ ಸುತಳಿಯ ಸಿಟ್ಟನ್ನು ನುಂಗಿತು.

ಬಸ್ಸಿನಲ್ಲಿ ತಮ್ಮ ಕಿಟಕಿಗೆ ಅಂಟಿಕೊಂಡೇ ಬಂದ, ಅಳಲಿಲ್ಲ. ಅನಂತಪುರದಲ್ಲಿ ನಮ್ಮನ್ನು ಬಿಟ್ಟು ಅಪ್ಪ ಅದೇ ದಿನ ತಿರುಗಿ ಹೋದ. ನಾವು ತೋಟದ ನೀರಿನ ಹೌದಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಗ ಮನೆಯಲ್ಲಿ ಒಂದು ಕೆಲಸ ನಡೆದುಹೋಗಿತ್ತು. ಅತ್ತಿಯ ಮನೆಯಲ್ಲೊಂದು ಪದ್ಧತಿ. ಮಕ್ಕಳು ರಜೆಗೆ ಬಂದರೆ ಬಂದ ದಿನವೇ ಅವರ ಪೆಟ್ಟಿಗೆ ಖಾಲಿ ಮಾಡಿ, ಬಟ್ಟೆಗಳನ್ನು ಮನೆಯವರ ಬಟ್ಟೆಯ ಜೊತೆ ಗೂಟಕ್ಕೆ ಹಾಕಿ, ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸುವುದು. ಬಟ್ಟೆ ಪೆಟ್ಟಿಗೆಯಲ್ಲೇ ಇದ್ದರೆ ಮಕ್ಕಳನ್ನು ಹೊರಗಿನವರಂತೆ ಇಟ್ಟಂತೆ ಎಂದು ಅವರ ನಂಬಿಕೆ. ಪ್ರೀತಿಯಿಂದಲೇ ಅತ್ತಿ ಹದಿನಾಲ್ಕು ಗಂಟುಗಳನ್ನೂ ಬಿಚ್ಚಿದ್ದಳು. ಸೀರೆಯ ಪಟ್ಟಿಗಳು ಅಂಗಳದಲ್ಲಿ ಬಿದ್ದಿದ್ದವು. ಆ ವರ್ಷ ಅತ್ತಿಯ ಗಂಡ, ನಮ್ಮ ಮಾಮಾ, ಹೊಸದಾಗಿ ದ್ರಾಕ್ಷಿ ನೆಟ್ಟಿದ್ದರು. ಎಳೆಯ ಬಳ್ಳಿಯನ್ನು ಕೋಲಿಗೆ ಕಟ್ಟಲು ಮೆತ್ತಗಿನ ಬಟ್ಟೆಯೇ ಒಳ್ಳೆಯದು, ಸುತಳಿ ಕೊರೆಯುತ್ತದೆ. ಪಟ್ಟಿಗಳನ್ನು ಕಂಡವರೇ ಖುಷಿಯಿಂದ ಎತ್ತಿಕೊಂಡು ಹೋಗಿ ಏಳು ಬಳ್ಳಿಗೆ ಕಟ್ಟಿ ಬಂದಿದ್ದರು.

ಸಂಜೆ ಊಟದ ಹೊತ್ತಿಗೆ ತಮ್ಮ ಗಂಟು ಕೇಳಿದ. ಇಲ್ಲ ಎಂದು ತಿಳಿದಾಗ... ಆ ಅಳುವನ್ನು ಹೇಗೆ ಬರೆಯಲಿ. ಉಸಿರು ಕಟ್ಟಿ, ತುಟಿ ನೀಲಿಯಾಗಿ, ಒಂದೇ ಮಾತು: "ಅವ್ವನ ಕಡೆ ಹೋಗೂನು." ಅತ್ತಿಯೂ ಸೆರಗಿನಲ್ಲಿ ಮುಖ ಒರೆಸಿಕೊಳ್ಳತೊಡಗಿದಳು. "ನಾ ಏನ ಮಾಡಬಾರದ್ದ ಮಾಡಿದ್ನೆವ್ವಾ? ಹುಡುಗೂರ ಬಟ್ಟಿ ಗೂಟಕ್ಕ ಹಾಕಿದ್ನಿ ಅಷ್ಟಽ."

"ಹಿಂಗ ಅತ್ರ ಜ್ವರಾ ಬರತಾವು. ಬೆಳಗಾದ್ರ ಮೊದಲನೇ ಬಸ್ಸಿಗಿ ರಾಯಬಾಗಕ್ಕ ಬಿಟ್ಟ ಬರತೀನಿ" ಎಂದರು ಮಾಮಾ.

ತಮ್ಮ ಹೋಗಿ ಕೈ ಚಾಚಿದರೆ ಅವ್ವ ಎತ್ತಿಕೊಳ್ಳುವುದು ಖಂಡಿತ. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ, ಏನಿದ್ದರೂ ಮಾವಶಿಯ ಮೊಬೈಲಿಗೇ ಮಾಡುತ್ತಿದ್ದೆವು. ಆ ನಂಬರು ನನಗೆ ಬಾಯಿಪಾಠ. ಅತ್ತಿಯ ಕೈಯಿಂದ ಒಂದು ರೂಪಾಯಿಯ ನಾಣ್ಯಗಳನ್ನು ಇಸಿದುಕೊಂಡು ಎದುರಿನ ಕಿರಾಣಿ ಅಂಗಡಿಯ ಡಬ್ಬಿ ಫೋನಿಗೆ ಓಡಿದೆ.

ಒಂದೇ ಉಸಿರಿಗೆ ಎಲ್ಲ ಹೇಳಿದೆ. ಆ ಕಡೆಯಿಂದ ದೊಡ್ಡ ನಗು ಬಂತು.

"ಅಗಂ ಬಾಯಿ! ದ್ರಾಕ್ಷಿಗಿ ಪತ್ತಲಾ ಉಡಿಸ್ಯಾರ? ಹಹ್ಹ..."

"ನಗಬ್ಯಾಡ್ರಿ ಮಾವಶಿ, ನಾಳೆ ಹೊಳ್ಳಿ ಕಳಸ್ತೀನಿ ಅನ್ನಾಕತ್ತಾರ ಮಾಮಾ."

ನಗುವಿನ ನಡುವೆಯೇ ದನಿ ತಗ್ಗಿತು. "ನಿಮ್ಮ ಅವ್ವ ಇಲ್ಲೇ ಎದುರಿಗಿ ಮಲಗ್ಯಾಳ, ಅದಕ್ಕ ನಗಾಕತ್ತೀನಿ. ನೀ ಕೇಳ. ಕಳಸಬ್ಯಾಡಂತ ಹೇಳ. ಏಳೂ ತುಂಡು ಒಮ್ಮೇಲೆ ತರಬ್ಯಾಡ್ರಿ, ತಂದ್ರ ಎಲ್ಲಾ ಅಪ್ಪಿಕೊಂಡ ಅಳತಾನ. ಈಗ ಆ ಹುಡುಗನ್ನ ಗಾಡಿ ಮ್ಯಾಲ ಕುಂಡರಿಸಿಕೊಂಡ ಹೋಗಿ ಒಂದಽ ಬಿಚ್ಚಕೊಂಡ ಬರ್ರಿ. ನಾಳೆ ಮತ್ತೊಂದು. ದಿನಾ ಅವನ ಕೈಲೇನ ಬಿಚ್ಚಸ್ರಿ." ಮತ್ತೆ ದನಿ ಏರಿಸಿ, ಅವ್ವನಿಗೆ ಕೇಳುವಂತೆ, "ಹೌದನ? ಎರಡ ರೊಟ್ಟಿ ತಿಂದಾನ? ಶಾಣ್ಯಾ ಅದಾನ ಬಿಡ!" ಎಂದರು. ನಾಣ್ಯ ಮುಗಿದು ಫೋನು ಕಟ್ಟಾಯಿತು.

ಮಾಮಾ ಗೊಣಗುತ್ತಲೇ ಬೈಕು ಹೊರಗೆ ತೆಗೆದರು. ತಮ್ಮ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಬಿಕ್ಕುತ್ತ ಹೋದ. ತಿರುಗಿ ಬಂದಾಗ ಮುಷ್ಟಿಯಲ್ಲಿ ಪಟ್ಟಿಯಿತ್ತು, ಅದಕ್ಕೆ ಮಣ್ಣು ಹತ್ತಿತ್ತು. ಮೂಸಿ ನೋಡಿ, ಅರ್ಧ ರೊಟ್ಟಿ ತಿಂದು ಮಲಗಿದ.

ಮರುದಿನದಿಂದ ಅದೊಂದು ದಿನಚರಿಯೇ ಆಯಿತು. ಚಹಾ ಆದ ಮೇಲೆ ಮಾಮಾ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. "ಏನ್ರಿ ಮಾಲಕ್ರ, ಇವತ್ತ ಯಾವ ಗಿಡದ ಪತ್ತಲಾ ಬಿಚ್ಚಾವ್ರು?" ತಮ್ಮ ಮುಂದೆ, ಮಾಮಾ ಹಿಂದೆ, ಕೊನೆಗೆ ನಾನು. ಅವನು ಗಂಟು ಬಿಚ್ಚುವಾಗ ಮಾಮಾ ಬಳ್ಳಿಯನ್ನು ಕೈಯಲ್ಲಿ ಹಿಡಿದುಕೊಂಡು, ನಂತರ ಅತ್ತಿಯ ಹಳೆಯ ಲಂಗದ ತುಂಡಿನಿಂದ ಮತ್ತೆ ಕಟ್ಟುತ್ತಿದ್ದರು. ಮೂರನೆಯ ದಿನಕ್ಕೆ ಬಳ್ಳಿ ಹಿಡಿಯುವ ಕೆಲಸವನ್ನೂ ಅವನೇ ಕೇಳಿದ. ಐದನೆಯ ದಿನಕ್ಕೆ ಅಲ್ಲಿನ ಹುಡುಗರಿಗೆಲ್ಲ ತೋಟ ತನ್ನದೇ ಎಂದು ಹೇಳಿ ಜಗಳ ಮಾಡಿಕೊಂಡು ಬಂದ.

ಏಳನೆಯ ದಿನ ಉಳಿದದ್ದು ಸಾಲಿನ ತುದಿಯ ಒಂದೇ ಬಳ್ಳಿ. ಅವನ ಮೊಣಕಾಲಿಗೂ ಬಾರದ ಗಿಡ, ಮೇಲೆ ನಾಲ್ಕು ಎಲೆ. ತಮ್ಮ ಕೂತು ನೋಡಿದ. ಗಂಟಿಗೆ ಕೈ ಹಾಕಿ, ಮತ್ತೆ ತೆಗೆದ.

"ಬಿಚ್ಚರಿ ಮಾಲಕ್ರ" ಎಂದರು ಮಾಮಾ.

"ಬ್ಯಾಡ ಮಾಮಾ. ಇದು ನನಕಿಂತ ಸಣ್ಣದೈತಿ."

ಮಾಮಾ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ತಂದರು. ಆ ರಾತ್ರಿ ತಮ್ಮ ಅತ್ತಿಯ ಮಗ್ಗುಲಲ್ಲಿ ಬರಿಗೈಯಲ್ಲೇ ಮಲಗಿದ. ಮೇ ತಿಂಗಳ ಕೊನೆಯ ತನಕ ನಾವು ಅಲ್ಲೇ ಇದ್ದೆವು. ಹೊರಡುವ ದಿನ ಸೂಟ್‌ಕೇಸು ಅಟ್ಟದಿಂದ ಇಳಿದದ್ದು ಕಂಡು ಅವನು ಅತ್ತ, ಈ ಸಲ ಅಲ್ಲಿಂದ ಹೋಗಲಾರೆ ಎಂದು!

ಇದನ್ನೆಲ್ಲ ಮಾವಶಿಗೆ ಹೇಳಬೇಕೆಂದು ಬಸ್ಸಿನ ತುಂಬ ಮಾತು ಜೋಡಿಸಿಕೊಂಡು ಬಂದೆ. ಅವರ ಬಾಗಿಲಿಗೆ ಬೀಗವಿತ್ತು. ಕಬ್ಬು ನುರಿಸುವ ಕೆಲಸ ಮುಗಿದು, ಕೊಲ್ಹಾಪುರದ ಕಡೆಯ ಯಾವುದೋ ಕಾರ್ಖಾನೆಯಿಂದ ಯಜಮಾನರಿಗೆ ಕರೆ ಬಂದು, ಎರಡೇ ದಿನದಲ್ಲಿ ಹೊರಟಿದ್ದರಂತೆ. ಹೋಗುವ ಮುನ್ನ ಅವ್ವನ ಹೊಟ್ಟೆಯ ಮೇಲೆ ಕೈಯಿಟ್ಟು, "ಇದು ನಿಲ್ಲತೈತ್ರಿ ವೈನಿ" ಎಂದಿದ್ದರಂತೆ. ಗಡಿ ದಾಟಿದವರು ಆಗ ಸಿಮ್ ಬದಲಿಸುತ್ತಿದ್ದರು. ನನಗೆ ಬಾಯಿಪಾಠವಿದ್ದ ನಂಬರು ಮುಂದೆಂದೂ ಹತ್ತಲಿಲ್ಲ. ಅವ್ವನಿಗಾಗಲಿ, ಸಾಲಿನ ಬೇರೆ ಮನೆಯವರಿಗಾಗಲಿ ಅವರ ಹೆಸರೇ ಗೊತ್ತಿರಲಿಲ್ಲ. ಎಲ್ಲರಿಗೂ ಅವರು ಮಾವಶಿ, ಅಷ್ಟೇ...

ನಾಳೆ ನನ್ನ ಮಕ್ಕಳನ್ನು ಕರೆದೊಯ್ಯಲು ಬರುವವನು ಅದೇ ತಮ್ಮ. ಈಗ ಗಡ್ಡ ಬಿಟ್ಟಿದ್ದಾನೆ. ಈಗಷ್ಟೇ ಫೋನ್ ಮಾಡಿ ಈ ಕಥೆ ನೆನಪಿಸಿದರೆ, "ನಾ ಯಾವಾಗ ಅತ್ತಿದ್ನಿ? ನೀನಽ ಅತ್ತಿರಬೇಕು" ಎಂದ. ಜಗಳ ಆಡಲಿಲ್ಲ. ಸಾಕ್ಷಿ ಹೇಳಬೇಕಾದವರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ, ನನಗೆ ತಿಳಿಯದು. ಇದ್ದರೆ ಎಪ್ಪತ್ತರ ಹತ್ತಿರ ಇರಬಹುದು.

ಓದುವವರಲ್ಲಿ ಒಂದು ಕೇಳಿಕೆ. ನಿಪ್ಪಾಣಿ ಕಡೆಯ ತವರಿನ, ಗಂಡನ ಕಾಟಾ ಕೆಲಸದ ಹಿಂದೆ ಊರೂರು ತಿರುಗಿದ, ಹಲ್ಲಿನಿಂದ ಅಂಚು ಕಚ್ಚಿ ಸೀರೆ ಹರಿಯುವ ಒಬ್ಬ ಮಾವಶಿ ನಿಮ್ಮ ಓಣಿಯಲ್ಲಿದ್ದರೆ, ಅಥವಾ ಇದ್ದು ಹೋಗಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಒಂದು ಸಾಲು ಬರೆಯಿರಿ. ಅವರು ಸಿಕ್ಕರೆ ನನ್ನ ಪತ್ರಕ್ಕೆ ಕಾಯಬೇಡಿ, ನೀವೇ ಹೇಳಿಬಿಡಿ: ಅವ್ವ ಯಾರನ್ನೂ ಎತ್ತಿಕೊಳ್ಳಲಿಲ್ಲ. ಆಗಸ್ಟಿನಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಈ ವರ್ಷ ಅವಳಿಗೆ ಹದಿನೆಂಟು ತುಂಬುತ್ತದೆ.