ಹಾಸ್ಟೆಲಿನ ಪುಟ ನನಗೆ ಸಿಕ್ಕಿದ್ದು ಹೇಗೆ

ಪುಟ್ಟವ್ವ, ಬಾಳು, ಮನೆಯಲ್ಲಿ ಕರೆಯುವ ಹೆಸರಿನಿಂದಲೇ ನಿಮ್ಮನ್ನು ಕರೆಯುತ್ತೇನೆ. ಶಾಲೆಯ ಹೆಸರು ಹಾಕಿ ಬರೆದರೆ ಅರ್ಜಿ ಬರೆದಂತೆ ಆಗುತ್ತದೆ. ನೀವು ಸೂಟಿಯಿಂದ ಹಳಿಯಾಳಕ್ಕೆ ಮರಳಿ ಬಂದ ದಿನ ನಿಮ್ಮ ಕೋಣೆಯಲ್ಲಿ ಮೂರನೆಯ ಹಾಸಿಗೆ ಇತ್ತು. "ಈ ಅಕ್ಕ ಯಾರು? ನಮ್ಮ ಖೋಲ್ಯಾಗ ಯಾಕ?" ಎಂದು ಕೇಳಿದಿರಿ. "ಪಾಪ, ಹಾಸ್ಟೆಲ್ ಸಿಗಲಿಲ್ಲ" ಎಂದು ಹೇಳಿ ನಾನು ಒಳಗೆ ಹೋದೆ. ಅದು ಅರ್ಧ ಉತ್ತರ. ಉಳಿದರ್ಧವನ್ನು ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರಲಿಲ್ಲ. ಮುಂಡಗೋಡದ ಕಡೆಯ ನನ್ನ ತವರೂರು ಇಂದೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಾಗಲೂ ಮಾಸ್ತರರು, "ಇಕಿ ಅಕ್ಷರ ದುಂಡಗ ಅದಾವು, ಬಾಯಿಗೆ ಮಾತ್ರ ಬೀಗ ಐತಿ" ಎನ್ನುತ್ತಿದ್ದರು. ಆದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮ ಅವ್ವ, ಅಂದರೆ ನನ್ನ ಸೊಸೆ, ದಿನಾ ಬಸ್ಸಿನಲ್ಲಿ ಹೋಗುವುದು ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಕ್ಕೆ. ಅಲ್ಲಿಯ ವೆಬ್‌ಸೈಟ್ ನೋಡಿಕೊಳ್ಳುವವರಲ್ಲಿ ಅವಳೂ ಒಬ್ಬಳು. ಅವಳಿಗೆ ಒಂದು ಚಿಂತೆ ಇತ್ತು. ಅಲ್ಲಿ ಕ್ಲಾಸಿಗೆ ಅರ್ಜಿ ಬೇರೆ, ಹಾಸ್ಟೆಲಿಗೆ ಅರ್ಜಿ ಬೇರೆ. ಕ್ಲಾಸಿನ ಅರ್ಜಿ ಮೊದಲ ಪುಟದಲ್ಲೇ ಮಿಣಮಿಣ ಹೊಳೆಯುತ್ತದೆ, ಹಾಸ್ಟೆಲಿನದು ಎಲ್ಲೋ ಒಳಗೆ ಅಡಗಿದೆ. ಊರುಗಳಿಂದ ಬರುವ ಹುಡುಗಿಯರು ಒಂದನ್ನು ತುಂಬಿ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಆಮೇಲೆ ಟ್ರಂಕು ಹೊತ್ತು ಬಂದು, ಇರಲು ಜಾಗವಿಲ್ಲದೆ ವಾಪಸ್ಸು ಹೋಗುತ್ತಾರೆ. ಪ್ರವೇಶ ಶುರುವಾಗುವ ಮೊದಲೇ ಹಾಸ್ಟೆಲಿನ ಪುಟವನ್ನು ಮುಂದಕ್ಕೆ ತರಬೇಕೆಂದು ಅವಳು ಹೇಳುತ್ತಲೇ ಇದ್ದಳು. ಅವಳ ಮೇಲಿನ ಸಾಹೇಬರು, "ನಿಮಗ ಅನಿಸಿದ್ರ ಸಾಲದು. ಮಕ್ಕಳನ್ನ ಓದಸೋ ಮನೆತನದ ಮೂರ್ನಾಲ್ಕು ಮಂದಿ ಕೈಗೆ ಕೊಟ್ಟು ನೋಡ್ರಿ, ಅವರಿಗೆ ಸಿಗದಿದ್ರ ಬದಲಿ ಮಾಡೂಣು" ಎಂದರಂತೆ.

ಹೀಗೆ ಆಯ್ಕೆಯಾದವರಲ್ಲಿ ದಾಂಡೇಲಿಯ ಗ್ಯಾರೇಜಿನ ಮಿಸ್ತ್ರಿ ಒಬ್ಬ, ಮುಂಡಗೋಡದ ಕಿರಾಣಿ ಅಂಗಡಿಯವರೊಬ್ಬರು, ಮತ್ತೆ ನಾನು. ತನ್ನ ಮನೆಯವರನ್ನು ತಾನೇ ಪರೀಕ್ಷಿಸುವಂತಿಲ್ಲ ಎಂದು ನಿಮ್ಮ ಅವ್ವ ತನ್ನ ಗೆಳತಿಯನ್ನು ಕಳಿಸುವುದಾಗಿ ಹೇಳಿದಳು. ಗೆಳತಿಯೂ ಅದೇ ಕಚೇರಿಯವಳು, ದಾಂಡೇಲಿಯ ಗಿರಣಿ ಕೆಲಸಗಾರರ ಮನೆಯ ಮಗಳು.

"ಅತ್ತೀ, ಏನೂ ತಯಾರಿ ಬ್ಯಾಡ್ರಿ. ಆಕಿ ಏನ್ ಹುಡುಕು ಅಂತಾಳ ಅದನ್ನ ಹುಡುಕ್ರಿ. ಸಿಕ್ರ ಸಿಕ್ತು, ಬಿಟ್ರ ಬಿಡ್ತು" ಎಂದಳು ನಿಮ್ಮ ಅವ್ವ.

ಬಿಟ್ಟರೆ ಬಿಡುತ್ತದೆಯೇ? ನನಗೆ ಅದು ಪರೀಕ್ಷೆ ಎಂದೇ ಅನಿಸಿತು. ಸೊಸೆಯ ಕಚೇರಿಯಿಂದ ಬರುವ ಹೆಣ್ಣುಮಗಳ ಎದುರು ಫೋನು ಹಿಡಿದು ಬೆಪ್ಪಾಗಿ ಕೂತರೆ, ಇಷ್ಟು ಕಲಿತವಳ ಅತ್ತೆ ಇಂಥವಳೇ ಎಂದು ಅವರು ಅಂದುಕೊಂಡರೆ? ಗೆಳತಿಯೊಂದಿಗೆ ನಿಮ್ಮ ಅವ್ವ ಕಟ್ಟೆಯ ಮೇಲೆ ಫೋನಿನಲ್ಲಿ ಮಾತಾಡುವಾಗ ನಾನು ಬಾಗಿಲ ಹಿಂದೆ ಅಕ್ಕಿ ಆರಿಸುತ್ತಿದ್ದೆ. "ಮುಖ್ಯ ಹಾಸ್ಟೆಲಿಂದು ಕೇಳ, ಅದನ್ನ ಬಿಡಬ್ಯಾಡ" ಎಂದದ್ದು ಕಿವಿಗೆ ಬಿತ್ತು. ನನಗೆ ಅಷ್ಟು ಸಾಕಾಯಿತು.

ಮರುದಿನ ಎಲ್ಲರೂ ಹೊರಗೆ ಹೋದ ಮೇಲೆ ನಿಮ್ಮ ಅಪ್ಪನ ಹಳೆಯ ಫೋನು ತೆಗೆದು ಆ ವೆಬ್‌ಸೈಟ್ ತೆರೆದೆ. ಮೊದಲು ಬಂದದ್ದು ಒಂದು ದೊಡ್ಡ ಕಟ್ಟಡದ ಚಿತ್ರ. ನಾನು ಅದನ್ನು ನೋಡುವಷ್ಟರಲ್ಲಿ ಅದು ಸರಿದು ಹಾರ ಹಾಕಿಕೊಂಡ ಗಂಡಸರು ಬಂದರು, ಅವರ ಹಿಂದೆ ಮತ್ತೆ ಕಟ್ಟಡ. ಮೇಲೆ ಕೆಂಪು ಅಕ್ಷರದ ಸಾಲೊಂದು ಓಡುತ್ತಿತ್ತು, ಓದಿ ಮುಗಿಸಲು ಬಿಡುತ್ತಿರಲಿಲ್ಲ. ಕನ್ನಡ ಎಂದು ಬರೆದದ್ದನ್ನು ಒತ್ತಿದೆ. ತಲೆಬರಹಗಳೆಲ್ಲ ಕನ್ನಡವಾದವು, ಒಳಗೆ ಹೋದರೆ ಮತ್ತೆ ಇಂಗ್ಲಿಷೇ. ಬಾಗಿಲಿಗೆ ತೋರಣ ಕಟ್ಟಿ ಒಳಗೆ ಕಸ ಗುಡಿಸದ ಮನೆ ಇದ್ದಂತೆ.

"ವಸತಿ" ಎಂಬ ಮಾತು ಕಂಡು ಖುಷಿಯಾಗಿ ಒತ್ತಿದೆ. ಅದು ದೊಡ್ಡವರು ಬಂದಾಗ ಇಳಿದುಕೊಳ್ಳುವ ಅತಿಥಿಗೃಹ. ಹಿಂದಕ್ಕೆ ಬಂದು ಇನ್ನೊಂದು ಕಡೆ ಹೋದರೆ ನೌಕರರ ಮನೆಗಳಿಗೆ ಸುಣ್ಣ ಬಳಿಯುವ ಟೆಂಡರು. ಬೆರಳು ಸ್ವಲ್ಪ ಸರಿದರೂ ತೆರೆದ ಪಟ್ಟಿ ಮುಚ್ಚಿಕೊಳ್ಳುತ್ತಿತ್ತು. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಅಡಿಗೆಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ನನ್ನ ಅತ್ತೆಯನ್ನು ಕೇಳಲು ಅಂಜಿ, ಎಲ್ಲ ಡಬ್ಬಿ ತೆರೆದು ಮೂಸಿ ನೋಡಿದ್ದು ನೆನಪಾಯಿತು. ಆ ದಿನ ಸಿಕ್ಕಲೇ ಇಲ್ಲ. ಮರುದಿನ ಮಧ್ಯಾಹ್ನವೂ ಇಲ್ಲ. ಕಣ್ಣು ಉರಿದು, ಗ್ಯಾಸಿನ ಮೇಲಿಟ್ಟ ಹಾಲು ಉಕ್ಕಿ ಹೋಯಿತು. "ಬೆಕ್ಕು ಬಂದಿತ್ತು" ಎಂದು ಸುಳ್ಳು ಹೇಳಿದೆ.

ಕಡೆಗೊಂದು ಮಧ್ಯಾಹ್ನ "ಸುತ್ತೋಲೆಗಳು" ಎಂಬಲ್ಲಿ ಕೆಳಗೆ, ಬಹಳ ಕೆಳಗೆ, ಹೋದೆ. ಅಲ್ಲಿತ್ತು ಹಾಸ್ಟೆಲಿನ ಅರ್ಜಿ. ತೆರೆದರೆ ಕಾಗದ ಅಡ್ಡ ಬಿದ್ದಿದೆ! ಫೋನು ತಿರುಗಿಸಿದರೆ ಅದೂ ಜೊತೆಗೇ ತಿರುಗಿ ಮತ್ತೆ ಅಡ್ಡವೇ ಬೀಳುತ್ತಿತ್ತು. ಕಡೆಗೆ ಫೋನನ್ನು ನೆಲದ ಮೇಲಿಟ್ಟು ನಾನೇ ಅದರ ಸುತ್ತ ತಿರುಗಿ, ಪಕ್ಕಕ್ಕೆ ಕೂತು ಓದಿದೆ. ಆಮೇಲೆ ರಂಗೋಲಿಯ ಎಳೆ ನೆನಪಿಟ್ಟುಕೊಳ್ಳುವ ಹಾಗೆ ಆ ದಾರಿಯನ್ನು ಬೆರಳಿಗೆ ಕಲಿಸಿದೆ. ಕಣ್ಣು ಮುಚ್ಚಿದರೂ ಹೋಗುವಷ್ಟು.

ಗೆಳತಿ ಬಂದಳು. ತಲೆಯ ಮೇಲೆ ದುಪಟ್ಟಾ, ಮುಖದ ತುಂಬ ನಗು. ಅವಲಕ್ಕಿ, ಚಹಾ ಕೊಟ್ಟೆ. "ಅಜ್ಜಿ, ನೀವು ಹೆದರಬ್ಯಾಡ್ರಿ. ಪರೀಕ್ಷಾ ನಿಮಗಲ್ಲ, ವೆಬ್‌ಸೈಟಿಗೆ. ಎಲ್ಲಿ ತೊಡಕು ಆಗ್ತೈತಿ ಬಾಯಿಬಿಟ್ಟು ಹೇಳ್ರಿ. ಬೈದ್ರೂ ನಡೀತೈತಿ" ಎಂದಳು. ಆಮೇಲೆ ನನ್ನ ಪಕ್ಕ ಕೂತು ಸುಮ್ಮನಾದಳು. ಸಹಾಯ ಮಾಡಬಾರದು ಎಂಬುದು ಅವರ ಕೆಲಸದ ರೀತಿಯಂತೆ. ನನಗೆ ಅದು ಗೊತ್ತಿರಲಿಲ್ಲ. ನಮ್ಮಲ್ಲಿ ಪಕ್ಕ ಕೂತವರು ಮಾತು ಬಿಟ್ಟರೆ ಏನೋ ಸಿಟ್ಟಾಗಿದ್ದಾರೆಂದೇ ಅರ್ಥ. ಅದರ ಮೇಲೆ ಇನ್ನೊಂದು: ಬಡಿಸಿದ ಊಟಕ್ಕೆ ಹೆಸರಿಡಬಾರದು ಎಂದು ನನ್ನನ್ನು ಬೆಳೆಸಿದ್ದರು. ಉಪ್ಪು ಹೆಚ್ಚಾದರೂ ಚಲೋ ಆಗೈತಿ ಎಂದೇ ಉಂಡೇಳಬೇಕು. ಇದು ನಿಮ್ಮ ಅವ್ವ ಬಡಿಸಿದ ಎಲೆಯಲ್ಲವೇ?

"ಹುಡುಗಿಯರ ಹಾಸ್ಟೆಲಿನ ಅರ್ಜಿ ಎಲ್ಲಿ ಐತಿ, ಹುಡುಕ್ರಿ ಅಜ್ಜಿ."

ನಾನು ಸ್ವಲ್ಪ ಯೋಚಿಸಿದ ಹಾಗೆ ಮಾಡಿದೆ. ಆ ನಟನೆ ನನಗೆ ಎಲ್ಲಿಂದ ಬಂತೋ! ಆಮೇಲೆ ನನ್ನ ಬೆರಳು ತಡೆಯಿಲ್ಲದೆ ಹೋಯಿತು. ಅವಳ ಹುಬ್ಬು ಮೇಲೇರಿತು.

"ಯಾ ಅಲ್ಲಾ! ಅಜ್ಜಿ, ಇದ್ರ ಮೊದಲ ನೋಡಿದ್ರೇನ್ರಿ?"

"ಇಲ್ಲವ್ವ. ಸರಳ ಐತಲ್ಲ" ಎಂದೆ.

ಅವಳು ಹೊರಟಾಗ ನಾನು ಅರಿಷಿಣ ಕುಂಕುಮದ ಬದಲು ಒಂದು ಡಬ್ಬಿ ಚಟ್ನಿಪುಡಿ ಕೊಟ್ಟು ಕಳಿಸಿದೆ. ಸೊಸೆಯ ಮಾನ ಉಳಿಸಿದೆ ಎಂದು ಆ ಸಂಜೆ ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ. ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಕಚೇರಿಯ ಮೀಟಿಂಗ್ ಮುಗಿದ ದಿನ ನಿಮ್ಮ ಅವ್ವ ಬಂದವಳೇ ಚೀಲ ಕೆಳಗಿಟ್ಟು ನಕ್ಕಳು. ಅದು ನಗುವಾಗಿರಲಿಲ್ಲ.

"ಅತ್ತೀ, ನೀವು ಪಾಸ್ ಆದ್ರಿ, ನಾ ಫೇಲ್ ಆದೆ."

ಮಿಸ್ತ್ರಿಗೆ ಸಿಗಲಿಲ್ಲ, ಅಂಗಡಿಯವರು ಅರ್ಧಕ್ಕೇ ಬಿಟ್ಟರು. ಆದರೆ ಸಾಹೇಬರು, "ಅವರಿಗೆ ಸಮಾಧಾನ ಇಲ್ಲ. ಹಳ್ಳಿ ಸಾಲಿ ಕಲ್ತ ಅಜ್ಜಿಗೇ ಒಂದ ಸಲಕ್ಕ ಸಿಕ್ಕೈತಿ, ಹುಡುಗರಿಗೆ ಸಿಗಂಗಿಲ್ಲೇನು?" ಎಂದು ನನ್ನನ್ನೇ ಮುಂದೆ ಮಾಡಿ ಆ ಮಾತು ಮುಗಿಸಿಬಿಟ್ಟರಂತೆ.

"ನಿಮಗ ಹೆಂಗ ಸಿಕ್ತ್ರಿ ಅತ್ತಿ? ಖರೇನ ಒಂದ ಸಲಕ್ಕ?" ಎಂದು ಅವಳು ಕೇಳಿದಳು. ಆಗಲಾದರೂ ಹೇಳಬಹುದಿತ್ತು. "ಸಿಕ್ತು ನೋಡವ್ವ" ಎಂದು ಒಲೆಯ ಕಡೆ ತಿರುಗಿದೆ.

ಅಲ್ಲಿಂದ ನಾನು ಸರಿಯಾಗಿ ಉಣ್ಣಲಿಲ್ಲ. ಗೋಡೆಯ ಮೇಲಿನ ನಿಮ್ಮ ಅಜ್ಜನ ಫೋಟೋದ ಕಡೆ ನೋಡಲು ಆಗುತ್ತಿರಲಿಲ್ಲ. ಅವರು ಜೊಯಿಡಾದ ಬಸ್ಸಿಗೆ ಕಂಡಕ್ಟರ್ ಆಗಿದ್ದರು, ನಿಮಗೆ ಗೊತ್ತು. ಬಸ್ಸಿನ ಹಣೆಯ ಮೇಲೆ ಬೋರ್ಡು ಇದ್ದರೂ ಪ್ರತಿ ನಿಲ್ದಾಣದಲ್ಲಿ ಇಳಿದು ಊರುಗಳ ಹೆಸರು ಕೂಗುತ್ತಿದ್ದರು. "ಬೋರ್ಡ್ ಐತಲ್ರಿ, ಯಾಕ ಗಂಟಲ ಹರಕೋತೀರಿ" ಎಂದರೆ, "ಬೋರ್ಡ್ ಓದಿದವ್ರು ತಾವ ಹತ್ತತಾರ. ನಾ ಕೂಗೂದು ಓದದ ನಿಂತವ್ರಿಗೆ" ಎನ್ನುತ್ತಿದ್ದರು. ಅಂಥವರ ಹೆಂಡತಿ ನಾನು, ಕೇಳಿದರೂ ಬಾಯಿ ಬಿಡಲಿಲ್ಲ. ಇವತ್ತು ಹೇಳಬೇಕು, ನಾಳೆ ಹೇಳಬೇಕು ಎನ್ನುವುದರಲ್ಲಿ ವಾರಗಳು ಕಳೆದವು. ಅಷ್ಟರಲ್ಲಿ ಪ್ರವೇಶ ಶುರುವಾಯಿತು.

ಒಂದು ರವಿವಾರ ಮಾಳಿಗೆಯ ಮೇಲೆ ನಾವಿಬ್ಬರೂ ಒಣಗಿದ ಶಾವಿಗೆ ತೆಗೆಯುತ್ತಿದ್ದೆವು. ಮಳೆಯ ಮೋಡ ಆಗಿತ್ತು. "ಈ ವರ್ಷನೂ ಎಷ್ಟು ಹುಡುಗ್ಯಾರು ಟ್ರಂಕ ಹೊತ್ತು ತಿರುಗಿ ಹೋಗ್ತಾರೋ" ಎಂದಳು ನಿಮ್ಮ ಅವ್ವ, ನನಗಲ್ಲ, ತನಗೇ ಹೇಳಿಕೊಂಡಂತೆ. ನನ್ನ ಕೈಯ ಶಾವಿಗೆ ಮುರಿದು ಬಿತ್ತು.

"ನಾ ಮೊದಲ ನೋಡಿಟ್ಟಿದ್ದೆವ್ವ. ನೀವೆಲ್ಲ ಹೊರಗ ಹ್ವಾದಾಗ. ಭಾಳ ಹುಡುಕಿದೆ, ಸಿಗಲಿಲ್ಲ. ಕಡೀಕ ಹೆಂಗೋ ಸಿಕ್ತು, ಬಾಯಿಪಾಠ ಮಾಡಿದೆ."

ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಯಾಕ್ರಿ ಅತ್ತಿ?"

"ನಿನ್ನ ಮಾನ ಹೋಗಬಾರದಂತ."

"ನೀವು ದಾರಿ ತಪ್ಪಿದ್ರ ನನ್ನ ಮಾನ ಉಳೀತಿತ್ತಲ್ರಿ!" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಶಾವಿಗೆಯ ಮೊರ ಎತ್ತಿಕೊಂಡು ಕೆಳಗಿಳಿದು ಗೆಳತಿಗೆ ಫೋನು ಮಾಡಿದಳು.

ಗೆಳತಿ ಮತ್ತೆ ಬಂದಳು. ನಾನು ತಲೆ ಎತ್ತಲಿಲ್ಲ. ಅವಳೇ ನನ್ನ ಕೈ ಹಿಡಿದು, "ಕಳ್ಳಿ ಅಜ್ಜಿ! ನನ್ನ ಕಣ್ಣಿಗೆ ಮಣ್ಣು ಹಾಕಿದ್ರಲ್ಲ. ಈಗ ಹೇಳ್ರಿ, ಎಲ್ಲೆಲ್ಲಿ ತಪ್ಪಿದ್ರಿ? ಒಂದೂ ಬಿಡಬ್ಯಾಡ್ರಿ" ಎಂದಳು. ಫೋನು ಹಿಡಿದು ಎಲ್ಲ ತಪ್ಪು ದಾರಿಗಳನ್ನೂ ಮತ್ತೆ ನಡೆದು ತೋರಿಸಿದೆ: ಅತಿಥಿಗೃಹ, ಸುಣ್ಣದ ಟೆಂಡರು, ಮುಚ್ಚಿಕೊಳ್ಳುವ ಪಟ್ಟಿ, ಅಡ್ಡ ಬಿದ್ದ ಕಾಗದ. ನಾನು ಫೋನಿನ ಸುತ್ತ ತಿರುಗಿ ಕೂತದ್ದನ್ನು ಮಾಡಿ ತೋರಿಸಿದಾಗ ಅವಳು ನಕ್ಕು ನಕ್ಕು ಸೋತಳು. ಅದನ್ನೆಲ್ಲ ವಿಡಿಯೋ ಮಾಡಿಕೊಂಡು ಹೋಗಿ ಸಾಹೇಬರಿಗೆ ತೋರಿಸಿದರಂತೆ. ಅವರು ಕೊನೆಯವರೆಗೆ ನೋಡಿ, "ಮಾಡ್ರಿ ಹಂಗಾರ" ಎಂದರಂತೆ. ಹಾಸ್ಟೆಲಿನ ಪುಟ ಮುಂದೆ ಬಂತು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಕಾಗದ ನೆಟ್ಟಗೆ. ನಿಮ್ಮ ಅವ್ವ ತೋರಿಸಿದಾಗ ಒಂದೇ ಸಲ ಒತ್ತಿದೆ, ತೆರೆಯಿತು.

ಆದರೆ ಅಷ್ಟರಲ್ಲಿ ಹಾಸ್ಟೆಲಿನ ಅರ್ಜಿಯ ದಿನಗಳು ಮುಗಿದಿದ್ದವು. ನಾನು ಸುಮ್ಮನಿದ್ದ ವಾರಗಳಲ್ಲೇ.

ಒಂದು ಸಂಜೆ ಬಸ್ಸಿಳಿದು ಬಂದ ನಿಮ್ಮ ಅವ್ವನ ಹಿಂದೆ ಇಬ್ಬರು ಇದ್ದರು, ಒಬ್ಬ ತಾಯಿ, ಒಬ್ಬ ಮಗಳು. ಮಗಳ ತಲೆಯ ಮೇಲೆ ಟ್ರಂಕು. ಸೂಪಾದಿಂದ ಇನ್ನೂ ಒಳಗಿನ, ಕಾಡಿನ ಊರಿನವರು. ಕಚೇರಿಯ ಮುಂದೆ ನಿಂತಿದ್ದರಂತೆ. ತಾಯಿಗೆ ಕೊಂಕಣಿ ಬಿಟ್ಟರೆ ಬೇರೆ ಮಾತು ಬರದು, ನನ್ನ ಎದುರು ಕೈ ಮುಗಿದು ನಿಂತೇ ಇದ್ದಳು. ಹಾಸ್ಟೆಲಿನಲ್ಲಿ ಜಾಗ ತೆರವಾಗುವವರೆಗೆ ಹುಡುಗಿ ನಮ್ಮಲ್ಲಿದ್ದು ನಿಮ್ಮ ಅವ್ವನ ಜೊತೆಗೇ ಬಸ್ಸಿಗೆ ಹೋಗಿ ಬರಲಿ ಎಂದು ಹೇಳಿದ್ದು ನಾನು. ಇಷ್ಟು ಬೇಗ ನನ್ನ ಬಾಯಿಂದ ಮಾತು ಹೊರಟದ್ದು ಅದೇ ಮೊದಲು.

ಊಟಕ್ಕೆ ಬಡಿಸುತ್ತಾ ಕೇಳಿದೆ, "ನೀ ಹಾಸ್ಟೆಲಿಂದು ನೋಡಲಿಲ್ಲೇನವ್ವ?"

"ನೋಡಿದೆ ಅಜ್ಜಿ. ನಮ್ಮಲ್ಲಿ ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್ ಬರುತ್ತದೆ. ಹತ್ತಿ ಕೂತು ನೋಡಿದೆ. ವಸತಿ ಅಂತ ಒತ್ತಿದರೆ ಏನೋ ದೊಡ್ಡವರು ಇರುವ ಗೆಸ್ಟ್‌ಹೌಸ್ ಬಂತು. ಹಾಸ್ಟೆಲ್ ಇನ್ನೂ ಶುರುವಾಗಿಲ್ಲ ಅಂದುಕೊಂಡೆ."

ಅವಳೂ ನಾನೂ ಒಂದೇ ತಪ್ಪು ಬಾಗಿಲಿಗೆ ಹೋಗಿದ್ದೆವು. ನಾನು ನೆರಳಿನಲ್ಲಿ ಕೂತು, ಅವಳು ಗುಡ್ಡ ಹತ್ತಿ. ನನಗೆ ಆ ಬಾಗಿಲು ತಪ್ಪೆಂದು ಗೊತ್ತಿತ್ತು.

ಪುಟ್ಟವ್ವ, ನೀನು ಅವಳಿಗೆ ಕಿಟಕಿಯ ಪಕ್ಕದ ಜಾಗ ಬಿಡದೆ ಜಗಳ ತೆಗೆದಾಗ ನಾನು ನಿನ್ನನ್ನು ಗದರಿದೆ. ಬಾಳು, ಅವಳ ಕೊಂಕಣಿಯನ್ನು ಅಣಕಿಸಿದೆಯೆಂದು ನಿನಗೂ ಬೈದೆ. ಆ ಸಿಟ್ಟು ನಿಮ್ಮ ಮೇಲಿನದಲ್ಲ. ಅವಳು ನಸುಕಿನಲ್ಲೇ ಎದ್ದು, ಬೇಡವೆಂದರೂ ಅಂಗಳ ಸಾರಿಸುತ್ತಾಳೆ. ಊರಿಗೆ ಹೋಗಿ ಬಂದಾಗ ತಾಯಿ ಕಳಿಸಿದ ಜೇನು ತಂದು ನನ್ನ ಕೈಗೆ ಕೊಡುತ್ತಾಳೆ. "ಅಜ್ಜಿ, ನೀವು ಇಲ್ಲದಿದ್ದರೆ ನಾನು ಈ ವರ್ಷ ಮನೆಯಲ್ಲೇ ಕೂತಿರುತ್ತಿದ್ದೆ" ಎನ್ನುತ್ತಾಳೆ. ಆ ಜೇನನ್ನು ನಾನು ಒಂದು ಸಲವೂ ನಾಲಿಗೆಗೆ ಹಚ್ಚಿಲ್ಲ. ಸಕ್ಕರೆ ಕಾಯಿಲೆ ಎಂದು ಹೇಳಿದ್ದೇನೆ. ನನಗೆ ಸಕ್ಕರೆ ಕಾಯಿಲೆ ಇಲ್ಲ ಎಂಬುದು ನಿಮಗೆ ಗೊತ್ತು.

ನಿಮ್ಮ ಅವ್ವ ಅವಳಿಗೆ ಏನೂ ಹೇಳಿಲ್ಲ. ಹೇಳಬೇಕಾದವಳು ನಾನು. ಬಾಯಿಂದ ಆಗದಿದ್ದರೆ ಬರೆದದ್ದನ್ನಾದರೂ ಕೊಡಬೇಕೆಂದು ಇಷ್ಟು ಬರೆದೆ. ಆದರೆ ಅವಳು ಓದುತ್ತಿರುವಾಗ ಎದುರಿಗೆ ಇರುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಬರುವವರೆಗೆ ಈ ಹಾಳೆಗಳು ನಿಮ್ಮಲ್ಲಿರಲಿ. ಒದ್ದೆಯಾಗದ ಹಾಗೆ, ಇಲಿ ಮುಟ್ಟದ ಹಾಗೆ, ನಿಮ್ಮ ಅಜ್ಜನ ಟಿಕೆಟ್ ಪೆಟ್ಟಿಗೆಯಲ್ಲಿ ಇಡಿ. ನಾನು ಕೇಳಿದ ದಿನ ತಂದುಕೊಡಿ. ನಾನು ಕೇಳದೆಯೇ ಹೋದರೆ, ನೀವೇ ಅವಳ ಕೈಗೆ ಕೊಡಿ. ಅಲ್ಲಿಯವರೆಗೆ ಜೋಪಾನ, ನನ್ನ ಕೂಸುಗಳೇ.