ಮಾತು ತಡದು ಬರ್ತೈತ್ರಿ

ಗಣಿ ದುಡ್ಡು ಬಳ್ಳಾರಿಯ ಬೀದಿಗೆ ಇಳಿದಿದ್ದ ಕಾಲ. ಊರಿಗೆಲ್ಲ ಕ್ಯಾಮೆರಾ ಮೊಬೈಲು ಬಂದಿತ್ತು, ಕೌಲ್ ಬಜಾರಿಗೆ ನನ್ನ ವಿಡಿಯೋ ಅಂಗಡಿ ಬಂದಿತ್ತು. ಅಂಗಡಿ ಅಂದರೆ ಒಂದು ಕಂಪ್ಯೂಟರು, ಒಂದು ಫ್ಯಾನು, ಎರಡರೊಳಗೂ ಕೆಂಪು ಧೂಳು. ಬೋರ್ಡಿನಲ್ಲಿ ಮಾತ್ರ ‘ಡಿಜಿಟಲ್ ತಜ್ಞರು’ ಎಂದು ಬರೆಸಿದ್ದೆ. ಇದ್ದವನು ನಾನೊಬ್ಬನೇ, ಬಹುವಚನ ಗೌರವಕ್ಕೆ.

ನನ್ನ ತಜ್ಞತನವೆಲ್ಲ ಒಂದೇ ಕೆಲಸದಲ್ಲಿತ್ತು. ಆಗಿನ ಮೊಬೈಲು ಸೆಕೆಂಡಿಗೆ ಹನ್ನೆರಡೋ ಹದಿನೈದೋ ಚಿತ್ರ ಹಿಡಿಯುತ್ತಿತ್ತು, ಡಿವಿಡಿಗೆ ಇಪ್ಪತ್ತೈದು ಬೇಕು. ಇದ್ದ ಚಿತ್ರಗಳನ್ನೇ ಎರಡೆರಡು ಸಲ ಹಾಕಿ ತುಂಬಿದರೆ ಟಿವಿಯಲ್ಲಿ ಜನ ಗಕ್ ಗಕ್ ಎಂದು ನಡೆಯುತ್ತಾರೆ. ಅಕ್ಕಪಕ್ಕದ ಎರಡನ್ನು ಬೆರೆಸಿ ನಡುವೆ ಹೊಸದೊಂದನ್ನು ಕೂರಿಸಿದರೆ ನಯವಾಗಿ ನಡೆಯುತ್ತಾರೆ. ಆ ಗಕ್ಕಿಗೆ ನಾವು ಜರ್ಕ್ ಎನ್ನುತ್ತಿದ್ದೆವು. ಜರ್ಕ್ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಸಿರುಗುಪ್ಪಕ್ಕೆ ಕೊಟ್ಟಿದ್ದ ಹೆಣ್ಣುಮಗಳೊಬ್ಬಳು ಒಂದು ದಿನ ಮೆಮೊರಿ ಕಾರ್ಡು ತಂದಳು. ಕುರುಗೋಡಿನಲ್ಲಿ ಕಲ್ಲು ಒಡೆಯುತ್ತಿದ್ದ ಅವಳ ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಅವರ ದನಿ ಉಳಿದದ್ದು ಆ ಕಾರ್ಡಿನ ಒಂದು ನಿಮಿಷದ ತುಣುಕಿನಲ್ಲಷ್ಟೇ. ಅವ್ವನಿಗೆ ಕಣ್ಣು ಮಂಜು, ಮೊಬೈಲಿನಲ್ಲಿ ಕಾಣುವುದಿಲ್ಲ; ಟಿವಿಯಲ್ಲಿ ದೊಡ್ಡದಾಗಿ ತೋರಿಸಬೇಕು.

“ಅಪ್ಪನ ಮಾತು ತಡದು ತಡದು ಬರ್ತೈತ್ರಿ, ಸ್ವಲ್ಪ ನೋಡ್ಕೊಂಡು ಮಾಡ್ರಿ,” ಅಂದಳು.

“ನನ್ನ ಕಡೆ ಕೊಟ್ಟೀರಲ್ಲ, ಚಿಂತಿ ಬಿಡ್ರಿ,” ಅಂದೆ.

ಚಿತ್ರದ ಜರ್ಕ್ ತೆಗೆದೆ. ಕಿವಿಗೊಟ್ಟರೆ ಮಾತಿನಲ್ಲೂ ಜರ್ಕ್, ಒಂದೊಂದು ಅಕ್ಷರ ಮೂರು ಮೂರು ಸಲ. ತಡೆಯುವುದು ಮೊಬೈಲಿನ ದೋಷವೆಂದು ತಿಳಿದು, ಒಂದನ್ನು ಉಳಿಸಿ ಎರಡನ್ನು ಕತ್ತರಿಸುತ್ತ ಕೂತೆ. ಸಂಜೆಯ ಹೊತ್ತಿಗೆ ಆ ಮನುಷ್ಯ ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಮಾತಾಡುತ್ತಿದ್ದರು. ಹೆಮ್ಮೆ ಎಷ್ಟಾಯಿತೆಂದರೆ, ಯಾರೂ ಕೇಳದಿದ್ದರೂ ಕಾರ್ಡಿನಲ್ಲಿದ್ದ ಮೂಲವನ್ನು ಅಳಿಸಿ ಜಾಗ ಖಾಲಿ ಮಾಡಿಟ್ಟೆ.

ವೈರು ಜೋಡಿಸಿಕೊಡುವ ನೆಪದಲ್ಲಿ, ಹೊಗಳಿಸಿಕೊಳ್ಳುವ ಆಸೆಯಲ್ಲಿ, ಡಿವಿಡಿ ಮತ್ತು ಕಾರ್ಡು ಹಿಡಿದು ಕುರುಗೋಡಿಗೆ ನಾನೇ ಹೋದೆ. ಮಗಳೂ ಬಂದಿದ್ದಳು. ಮುದುಕಿ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತು ನೋಡಿದರು. ಮುಗಿದ ಮೇಲೆ ನನ್ನ ಕಡೆ ತಿರುಗಿದರು.

“ಮಾರಿ ಅವರ್ದೇ ಐತಿ. ಮಾತು ಯಾರ್ದಪ್ಪಾ?”

“ಅಪ್ಪ ಮೊದಲಿಂದ್ಲೂ ತಡದು ತಡದು ಮಾತಾಡ್ತಿದ್ರು, ಹೇಳಿದ್ನಲ್ರಿ,” ಅಂದಳು ಮಗಳು. “ಅದು ಹೋಗದಂಗ ನೋಡ್ಕೊಳ್ರಿ ಅಂತ ಹೇಳಿದ್ದು. ಇರ್ಲಿ, ಕಾರ್ಡಿನಾಗ ಇರೋದನ್ನ ಹಚ್ರಿ.”

ಕಾರ್ಡಿನಲ್ಲಿ ಏನೂ ಇಲ್ಲವೆಂಬುದು ನನಗೊಬ್ಬನಿಗೇ ಗೊತ್ತಿತ್ತು. ಹೇಳಿದೆ. ಅವಳು ಬಯ್ಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಬಳ್ಳಾರಿಯ ತನಕ ಬಸ್ಸಿನಲ್ಲಿ ನಿಂತೇ ಬಂದೆ, ಸೀಟು ಖಾಲಿಯಿದ್ದರೂ. ಪುಣ್ಯಕ್ಕೆ ಮೂಲದ ಒಂದು ಪ್ರತಿ ಕಂಪ್ಯೂಟರಿನ ಮೂಲೆಯಲ್ಲಿ ಬಿದ್ದಿತ್ತು. ಕೆಲಸ ಮುಗಿದ ಮೇಲೆ ಕಸ ಗುಡಿಸುವ ಅಭ್ಯಾಸ ನನಗೆಂದೂ ಇರಲಿಲ್ಲ. ನನ್ನ ಸೋಮಾರಿತನಕ್ಕೆ ಅವತ್ತು ಕೈಮುಗಿದೆ. ಈ ಸಲ ಬೆರೆಸಲಿಲ್ಲ, ಕತ್ತರಿಸಲಿಲ್ಲ. ಇದ್ದ ಚಿತ್ರಗಳನ್ನೇ ಮತ್ತೆ ಮತ್ತೆ ಹಾಕಿ ಇಪ್ಪತ್ತೈದು ಮಾಡಿದೆ.

ಮರುದಿನ ಕುರುಗೋಡಿನಲ್ಲಿ ಮತ್ತೆ ಹಚ್ಚಿದೆ. ಟಿವಿಯಲ್ಲಿ ಆ ಮನುಷ್ಯ ಗಕ್ಕೆಂದು ಕತ್ತೆತ್ತಿ, “ಊ... ಊ... ಊಟ” ಎಂದರು. ಅವರ ಪ್ರಶ್ನೆ ಮುಗಿಯುವ ತನಕ ಮುದುಕಿ ಕಾಯಲಿಲ್ಲ.

“ಆತ್ರಿ, ನೀವು ಉಣ್ರಿ,” ಅಂದರು.