ಲೈನಿಲ್ಲದೆ ತೆರೆದ ಪುಟ

ನಮ್ಮ ಮನೆಯ ಫೋನು ಎಂಗೇಜ್ ಬರಬಾರದು. ಇದು ಆಯಿಯ ಕಾನೂನು, ಆಯಿ ಎಂದರೆ ನನ್ನ ತಾಯಿ. ಅಂಕೋಲೆಯ ಕಡಲಂಚಿನ ನಮ್ಮ ಕೇರಿಯಲ್ಲಿ ಫೋನಿದ್ದದ್ದು ನಮ್ಮಲ್ಲಿ ಮಾತ್ರ. ಯಾರದ್ದೇ ದೋಣಿ ಗಾಳಿಗೆ ಸಿಕ್ಕು ಬೇರೆ ದಡ ಸೇರಿದರೂ ಅಲ್ಲಿಂದ ಸುದ್ದಿ ಬರುತ್ತಿದ್ದದ್ದು ಆ ಫೋನಿಗೆ. ಹಾಗಾಗಿ ಒಂದೇ ಒಂದು ದೋಣಿ ಹೊರಗಿದ್ದರೂ ರಿಸೀವರ್ ಎತ್ತಿ ಹರಟುವಂತಿರಲಿಲ್ಲ. ನನ್ನ ಮದುವೆ ಮಾತುಕತೆಗೆ ಬಂದ ಫೋನನ್ನೂ ಆಯಿ ಎರಡು ಮಾತಿನಲ್ಲಿ ಮುಗಿಸಿ ಕುಕ್ಕಿದ್ದಳು. ಆ ಸಂಬಂಧ ಮುಂದುವರಿಯಲಿಲ್ಲ. ಅದರ ಬಗ್ಗೆ ನನಗೆ ದೂರೇನೂ ಇಲ್ಲ.

ಅಂಥ ಮನೆಗೆ ನಾನು ಕಂಪ್ಯೂಟರ್ ತಂದೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಪೇಟೆಯವರ ಕೈಗೆ ಮೊಬೈಲು ಬಂದಿತ್ತು, ನಮ್ಮ ಕೇರಿಗೆ ಇನ್ನೂ ಇಳಿದಿರಲಿಲ್ಲ. ಕಾರವಾರದ ಒಂದು ಕಚೇರಿಯಲ್ಲಿ ನನಗೆ ಟೈಪಿಂಗ್ ಕೆಲಸ. ಮನೆಯಲ್ಲೂ ಒಂದಿಷ್ಟು ಟೈಪ್ ಮಾಡಿಕೊಡೋಣ ಎಂದು ಹಳೆಯದೊಂದು ಕಂಪ್ಯೂಟರ್ ಕೊಂಡೆ. ಇಂಟರ್ನೆಟ್ ಬೇಕೆಂದರೆ ಫೋನಿನ ತಂತಿಯನ್ನೇ ಅದಕ್ಕೆ ಚುಚ್ಚಬೇಕು. ಚುಚ್ಚಿ ಲೈನು ಹಿಡಿಸಿದ ಕೂಡಲೇ ಒಳಗಿನ ಮೋಡೆಮ್ಮು ಕೀಂಯ್ ಎಂದು ಕಿರುಚುತ್ತಿತ್ತು. ಅದು ಕಿರುಚಿದಷ್ಟು ಹೊತ್ತೂ ಆಯಿ ಬಾಗಿಲಲ್ಲಿ ನಿಂತು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು.

ಆದರೂ ಆಯಿ ಒಪ್ಪಿದ್ದು ಒಂದು ಪುಟಕ್ಕಾಗಿ. ಕಡಲಿನ ಹವಾಮಾನ ತೋರಿಸುವ ಪುಟ ಅದು. ಕರಾವಳಿಯ ನಕ್ಷೆಯಲ್ಲಿ ಹಸಿರು ಇದ್ದರೆ ಹೋಗಬಹುದು, ಕೆಂಪು ಇದ್ದರೆ ಹೋಗಬಾರದು. ಅಪ್ಪ ಮೀನಿಗೆ ಹೊರಡುವ ಮುಂಚೆ “ನಿನ್ನ ಪೆಟ್ಟಿಗೆ ಎಂತ ಹೇಳ್ತದೆ?” ಎಂದು ಕೇಳುವುದು ರೂಢಿಯಾಯಿತು. ಕೆಲವು ದಿನ ಭರತ ಇಳಿತ ನೋಡಿಕೊಂಡು ನಾನು ಬಸ್ಸು ಹತ್ತಿದ ಮೇಲೆ ಅಪ್ಪ ಹೊರಡುತ್ತಿದ್ದ. ಅಂಥ ದಿನಗಳಿಗೆಂದು ನಾನು ಆಯಿಗೆ ಕಲಿಸಿದೆ. ತಂತಿ ಚುಚ್ಚುವುದು, ಬ್ರೌಸರಿನ ಚಿತ್ರ ಒತ್ತುವುದು, ಆಮೇಲೆ ಬರುವ ಸಣ್ಣ ಕಿಟಕಿಯಲ್ಲಿ ಎಡಗಡೆಯ ಗುಂಡಿ ಒತ್ತಿ ಲೈನು ಹಿಡಿಸುವುದು, ಕೊನೆಗೆ ಪಟ್ಟಿಯಲ್ಲಿ ಮೊದಲನೆಯದನ್ನು ಒತ್ತುವುದು. ಮೀನು ಸೀಳುವ ಬೆರಳುಗಳಿಗೆ ಮೌಸು ಪಳಗಲು ಬಹಳ ದಿನ ಹಿಡಿಯಿತು. ಕಲಿತ ಮೇಲೆ ಮಾತ್ರ ಆಯಿ ಕೇರಿಯಲ್ಲಿ ಕಾಲು ನೆಲಕ್ಕೆ ತಾಗದಂತೆ ನಡೆದಳು.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವಳು ಚಿತ್ತಾಕುಲದಿಂದ ಕಾಳಿ ಸೇತುವೆ ದಾಟಿ ಬರುವವಳು. ಅವಳಿಗೆ ಎಲ್ಲವೂ ಹೊಸದೇ ಆಗಬೇಕು, ಸೀರೆಯಿಂದ ಬ್ರೌಸರಿನ ತನಕ. ಒಂದು ದಿನ ನನ್ನ ಕೈಗೆ ಸಿ.ಡಿ. ತುರುಕಿದಳು.

“ಇನ್ನೂ ಆ ಹಳೇದ್ನೇ ಕಟ್ಕಂಡ್ ಕೂತಿದ್ಯನೇ? ಇದ್ನ ಹಾಕು. ಒಂದೇ ಕಿಟಕೀಲಿ ನಾಕು ಪುಟ ತೆಗೀಬಹುದು.”

ನನಗೆ ನಾಕು ಪುಟ ಬೇಡವಾಗಿತ್ತು. ಇರುವುದು ಒಂದು ಪುಟದ ಗರಜು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ಚಿತ್ರ ಬದಲಾದರೆ, ಗುಂಡಿ ಜಾಗ ಬದಲಾಯಿಸಿದರೆ, ಆಯಿ ಮತ್ತೆ ಮೊದಲಿಂದ ಕಲಿಯಬೇಕು. ಅಷ್ಟರೊಳಗೆ ಅಪ್ಪ ಯಾವುದೋ ಕೆಟ್ಟ ದಿನ ನೋಡದೆ ಹೊರಟರೆ? ಹೊಸದು ಎಷ್ಟೇ ಚೆನ್ನಾಗಿರಲಿ, ಆಯಿಗೆ ಬರುವುದೇ ಒಳ್ಳೆಯ ಬ್ರೌಸರ್ ಎಂದು ನನ್ನ ಲೆಕ್ಕ. ಸಿ.ಡಿ. ನನ್ನ ಚೀಲದಲ್ಲಿ ಬುತ್ತಿ ಡಬ್ಬಿಯ ಅಡಿಯಲ್ಲಿ ಬಿದ್ದುಕೊಂಡಿತು.

ಮಳೆಗಾಲ ಮುಗಿದು ದೋಣಿಗಳು ಇಳಿದು ಸ್ವಲ್ಪ ಕಾಲವಾಗಿತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ, ಬರುವುದು ತಡವಾಗುತ್ತದೆ ಎಂದು ಹೇಳಲು ಕಚೇರಿಯಿಂದ ಮನೆಗೆ ಫೋನ್ ಮಾಡಿದೆ. ಆಯಿಯ ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು.

“ಅಪ್ಪ ಹೋದ್ರು ಮಗಳೇ. ಮೋಡ ನೋಡಿ ಹೋಗೂಕೆ ಹಿಂದೆಮುಂದೆ ಮಾಡ್ತಿದ್ರು. ನಾನೇ ಪೆಟ್ಟಿಗೆ ತೆಗ್ದು ನೋಡ್ದೆ, ಹಸಿರೇ ಅದೆ, ಹೋಗಿ ಅಂದೆ. ಮತ್ತೆ ಒಂದು ಕೇಳು. ಕೇರಿಯವ್ರ ದೋಣಿ ಹೊರಗೇ ಇತ್ತಲ್ಲ, ಅದ್ಕೆ ಲೈನೇ ಹಿಡೀಲಿಲ್ಲ ನಾನು! ಬಲಗಡೆ ಗುಂಡಿ ಒತ್ತಿದೆ. ಹಂಗೂ ಬಂತು. ಇಷ್ಟು ದಿನ ನೀನು ಸುಮ್ನೆ ಕಿರುಚಿಸ್ತಿದ್ದೆ ಅದ್ನ. ಆತು, ಇಡು, ಲೈನು ಬೇಕು.”

ಇಟ್ಟೇಬಿಟ್ಟಳು.

ನಾನು ರಿಸೀವರ್ ಹಿಡಿದೇ ನಿಂತಿದ್ದೆ. ಲೈನಿಲ್ಲದೆ ಪುಟ ಬರುವುದು ಹೇಗೆ? ಬಲಗಡೆಯ ಗುಂಡಿ ಒತ್ತಿದರೆ ಬ್ರೌಸರ್ ಹೊರಗೆ ಹೋಗಿ ನೋಡುವುದಿಲ್ಲ, ಹಿಂದೆ ತಂದಿಟ್ಟುಕೊಂಡದ್ದನ್ನೇ ತೆಗೆದು ತೋರಿಸುತ್ತದೆ. ಆಯಿ ನೋಡಿದ್ದು ನಿನ್ನೆ ಸಂಜೆ ನಾನು ತೆರೆದಿದ್ದ ಹಸಿರು. ಬ್ರೌಸರ್ ಯಾರಿಗೂ ಮೋಸ ಮಾಡಿರಲಿಲ್ಲ. ಇದು ನಿನ್ನೆಯದು ಎಂದು ಇಂಗ್ಲಿಷಿನಲ್ಲಿ ಎಲ್ಲೋ ಮೂಲೆಯಲ್ಲಿ ದಿನಾಂಕವೂ ಇದ್ದಿರಬೇಕು. ಆದರೆ ನನ್ನ ಆಯಿಗೆ ನಾನು ಕಲಿಸಿದ್ದು ಬಣ್ಣ ಮಾತ್ರ.

ಪಕ್ಕದವಳ ಕಂಪ್ಯೂಟರಿನಲ್ಲಿ ಪುಟ ತೆರೆಯೋಣವೆಂದರೆ ಅಷ್ಟರಲ್ಲಿ ಕರೆಂಟು ಹೋಯಿತು. ಕಿಟಕಿಯ ಆಚೆ ತೆಂಗಿನ ಗರಿಗಳು ಒಂದೇ ದಿಕ್ಕಿಗೆ ವಾಲಿದ್ದವು. ನಾನು ಯಾರಿಗೂ ಹೇಳದೆ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ.

ಆ ಬಸ್ಸಿನ ಪ್ರಯಾಣ ಈಗಲೂ ನೆನಪಿದೆ. ಬಲಗಡೆಯ ಸೀಟು ಹಿಡಿದು ಕಡಲು ನೋಡುತ್ತಾ ಕೂತೆ. ಬೈತಖೋಲ ಬಂದರು ದಾಟಿ ಬಿಣಗಾ ಘಾಟಿನ ತಿರುವಿನಲ್ಲಿ ನೀರು ಕಪ್ಪಗೆ, ನೊರೆ ಕಾರುತ್ತಾ ಎದ್ದೆದ್ದು ಬೀಳುತ್ತಿತ್ತು. ದೂರದಲ್ಲಿ ಒಂದು ಚುಕ್ಕೆ ಕಂಡರೆ ಅಪ್ಪನ ದೋಣಿ ಎನಿಸುತ್ತಿತ್ತು, ಕಾಣದಿದ್ದರೆ ಮುಳುಗಿತು ಎನಿಸುತ್ತಿತ್ತು. ಬಿಣಗಾದಲ್ಲಿ ಫ್ಯಾಕ್ಟರಿಯ ಪಾಳಿ ಬಿಟ್ಟಿತ್ತು. ಕಾರ್ಮಿಕರು ನಗುತ್ತಾ ಮಳೆ ಹನಿ ಕೊಡವುತ್ತಾ ಹತ್ತಿದರು. ಅವರು ನಗುವುದು ಕಂಡು ನನಗೆ ಸಿಟ್ಟು ಬಂತು. ಡ್ರೈವರ್ ಯಾರು ಕೈ ಅಡ್ಡ ಹಿಡಿದರೂ ನಿಲ್ಲಿಸುತ್ತಿದ್ದ. ಅವನ ಮೇಲೂ ಸಿಟ್ಟು ಬಂತು. ಹೆದರಿಕೆಯಾದಾಗ ನನಗೆ ಮೊದಲು ಬರುವುದು ಸಿಟ್ಟೇ.

ಮನೆ ಮುಟ್ಟಿದಾಗ ಕೇರಿಯ ದೋಣಿಗಳೆಲ್ಲ ದಡದ ಮೇಲಿದ್ದವು. ಬೆಳಗಿನ ಜಾವ ಹೋದವರು ಆಕಾಶ ನೋಡಿಯೇ ತಿರುಗಿ ಬಂದಿದ್ದರಂತೆ. ಅಪ್ಪನದ್ದು ಇರಲಿಲ್ಲ. ಆಯಿ ಫೋನಿನ ಮುಂದೆ ನೆಲದ ಮೇಲೆ ಕೂತಿದ್ದಳು. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ, ಆದರೆ ಅವಳಿಗೆ ತಿಳಿದುಹೋಗಿತ್ತು. ಮಧ್ಯಾಹ್ನದ ಹೆಮ್ಮೆಯೆಲ್ಲ ಇಳಿದು ಮುಖ ಇಷ್ಟೇ ಇಷ್ಟಾಗಿತ್ತು.

“ಹಸಿರೇ ಇತ್ತು ಮಗಳೇ,” ಎಂದಳು. “ನಾನೇ ಕಳ್ಸಿದ್ದು ಅವ್ರನ್ನ.”

ನಾನು ಕಂಪ್ಯೂಟರ್ ಹಾಕಿದೆ. ಪುಟ ನೋಡಿದರೆ ಅಪ್ಪ ಬರುವುದಿಲ್ಲ, ಗೊತ್ತಿತ್ತು. ಆದರೂ ಎಷ್ಟು ದೊಡ್ಡ ಗಾಳಿ, ಯಾವ ಕಡೆಗೆ ತಿರುಗುತ್ತದೆ ಎಂದು ತಿಳಿಯದೆ ಕೂರಲು ಆಗುತ್ತಿರಲಿಲ್ಲ. ಹಳೆಯ ಬ್ರೌಸರನ್ನು ಮುಟ್ಟಲು ಕೈ ಬರಲಿಲ್ಲ. ಅದು ಇನ್ನು ಹಸಿರು ತೋರಿಸಿದರೂ ನಂಬಲಾರೆ, ಕೆಂಪು ತೋರಿಸಿದರೂ ನಂಬಲಾರೆ. ಚೀಲದಿಂದ ಸಿ.ಡಿ. ತೆಗೆದು ಹಾಕಿದೆ. ಹೊಸದು ಕೂತುಕೊಳ್ಳುವ ತನಕ ಕಾದೆ. ತಂತಿ ಚುಚ್ಚಲು ಹೋದರೆ ಆಯಿ ನನ್ನ ಕೈ ಹಿಡಿದುಕೊಂಡಳು.

“ಲೈನು ಬೇಡ. ಅವ್ರು ಫೋನ್ ಮಾಡಿದ್ರೆ?”

“ಒಂದು ಗಳಿಗೆ ಆಯೀ, ಬಿಡು!” ಎಂದು ಕಿರುಚಿ ಕೈ ಕೊಡವಿದೆ. ಜನ್ಮದಲ್ಲಿ ಆಯಿಯ ಮೇಲೆ ಹಾಗೆ ಕಿರುಚಿರಲಿಲ್ಲ. ಮೋಡೆಮ್ಮು ಕೂಡ ಕಿರುಚಿತು.

ನಕ್ಷೆ ಮೇಲಿನಿಂದ ಕೆಳಗೆ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಮೊದಲು ರತ್ನಾಗಿರಿ ಬಂತು. ನಿಂತಿತು. ಗೋವಾ ಬಂತು, ಕಿತ್ತಳೆ ಬಣ್ಣ. ಮತ್ತೆ ನಿಂತಿತು. ಆಯಿ ನನ್ನ ಭುಜ ಹಿಡಿದು ನಿಂತಿದ್ದಳು, ಉಗುರು ಚುಚ್ಚುತ್ತಿತ್ತು. ಆಮೇಲೆ ಕಾಳಿ ನದಿಯ ಬಾಯಿ ಬಂತು, ಅಲ್ಲಿಂದ ಕೆಳಗೆ ನಮ್ಮ ಕಡಲೆಲ್ಲ ಕೆಂಪು. ಆಯಿ ಕೈ ತೆಗೆದು ಗೋಡೆಗೆ ಒರಗಿದಳು.

ನಾನು ತಂತಿ ಕಿತ್ತು ಫೋನಿಗೆ ಚುಚ್ಚಿದೆ. ಚುಚ್ಚಿದ ಕೈ ತೆಗೆಯುವ ಮೊದಲೇ ಅದು ರಿಂಗಾಯಿತು.

“ಯಾರ್ ಮಾತಾಡ್ತಿದ್ರೇ ಅಷ್ಟೊತ್ತಿಂದ?” ಅಪ್ಪ. ಅವನ ದನಿ ಒಡೆದಿತ್ತು. “ನಮ್ಮನೆ ಫೋನು ಎಂಗೇಜ್ ಬಂದದ್ದುಂಟೇ ಯಾವತ್ತಾದ್ರೂ? ಆಯಿಗೆ ಎಂತ ಆತು? ಹೇಳು, ಆಯಿಗೆ ಎಂತ ಆತು?”

ಗಾಳಿಗೆ ಸಿಕ್ಕು ಅವನು ಬೈತಖೋಲಕ್ಕೆ ದೋಣಿ ತಿರುಗಿಸಿದ್ದ. ನಾನು ಬಸ್ಸಿನಲ್ಲಿ ಆ ಬಂದರು ದಾಟಿ ಮನೆ ಮುಟ್ಟಿದ ಹೊತ್ತಿಗೆ ಅವನು ಅಲ್ಲಿ ದಡ ಸೇರಿರಬೇಕು. ಬೂತಿನಿಂದ ಫೋನ್ ಮಾಡಿದರೆ ಎಂಗೇಜು. ಮತ್ತೆ ಮಾಡಿದರೂ ಎಂಗೇಜು. ಕಡಲಲ್ಲಿ ಹೆದರದವನು ಬೂತಿನೊಳಗೆ ನಿಂತು ಹೆದರಿಬಿಟ್ಟಿದ್ದ. ನಾನು ಅಳುತ್ತಾ ರಿಸೀವರನ್ನು ಆಯಿಯ ಕಿವಿಗೆ ಹಿಡಿದೆ. ಆಯಿ “ಹೂಂ” ಎಂದಳು, “ಊಟ ಮಾಡಿ” ಎಂದಳು, ಕೇರಿಯ ದೋಣಿಗಳೆಲ್ಲ ದಡದಲ್ಲೇ ಇದ್ದರೂ ಅಭ್ಯಾಸಬಲದಿಂದ ಕೂಡಲೇ ಇಟ್ಟುಬಿಟ್ಟಳು.

ಮರುದಿನ ಅಪ್ಪ ಬಸ್ಸಿನಲ್ಲಿ ಬಂದ. ಆಯಿ ಗಂಜಿ ಬಡಿಸಿ ನನ್ನ ಬಳಿ ಬಂದಳು.

“ಆ ಹಳೇದ್ನ ತೆಗ್ದುಬಿಡು. ಹೊಸದೇ ಇರ್ಲಿ.”

“ಮತ್ತೆ ಮೊದಲಿಂದ ಕಲೀಬೇಕಾಗ್ತದೆ ಆಯೀ.”

“ಕಲೀತೆ. ಲೈನಿಲ್ದೇ ಹೋದ್ರೆ ಇದು ಎಂತ ತೋರಿಸ್ತದೆ? ಮೊದ್ಲು ಅದ್ನ ತೋರ್ಸು.”

ತಂತಿ ಕಿತ್ತು ತೋರಿಸಿದೆ. ಬಿಳಿ ಹಾಳೆಯ ಮೇಲೆ ಒಂದೆರಡು ಸಾಲು ಇಂಗ್ಲಿಷು, ನಕ್ಷೆ ಇಲ್ಲ, ಬಣ್ಣ ಇಲ್ಲ. ಏನು ಬರೆದಿದೆ ಎಂದು ಕೇಳಿದಳು. ಪುಟ ಸಿಗಲಿಲ್ಲ ಎಂದಿದೆ ಎಂದೆ. ಆಯಿ ಅದನ್ನು ಬಹಳ ಹೊತ್ತು ನೋಡಿದಳು.

“ಇದಾಗೂದು,” ಎಂದಳು.

ಬ್ರೌಸರ್ ಬದಲಾಯಿಸಿದರೆ ಏನು ಲಾಭ ಎಂದು ಆಮೇಲೆ ನನ್ನನ್ನು ಹಲವರು ಕೇಳಿದ್ದಾರೆ. ವೇಗದ ಬಗ್ಗೆ ನನಗೆ ಹೇಳಲು ಬರುವುದಿಲ್ಲ. ಹೊಸದನ್ನು ಹಾಕಿದ ಕೆಲವು ವಾರಗಳಲ್ಲಿ ಒಂದು ಬೆಳಿಗ್ಗೆ ನಮ್ಮ ಕಡೆಯ ಟೆಲಿಫೋನ್ ತಂತಿ ಎಲ್ಲೋ ಕಡಿದಿತ್ತು. ನಾನು ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟಿದ್ದೆ. ಅಪ್ಪ ಕಡಲಿನ ಅಂಗಿ ಹಾಕಿ ನಿಂತಿದ್ದ. ಆಯಿ ಪುಟ ತೆರೆದಳು, ಬಿಳಿ ಹಾಳೆ ಬಂತು.

“ಇವತ್ತು ಬೇಡ,” ಎಂದಳು.

ಹೊರಗೆ ಕಡಲು ಎಣ್ಣೆ ಹೊಯ್ದಂತೆ ಸಪಾಟಾಗಿತ್ತು. ಅಪ್ಪ ಕಡಲನ್ನು ನೋಡಿದ, ಆಯಿಯನ್ನು ನೋಡಿದ, ನನ್ನನ್ನು ನೋಡಿದ. ಕಡಿದಿರುವುದು ತಂತಿ ಅಷ್ಟೇ ಎಂದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಆಯಿ ಅದನ್ನು ಗೂಟದಿಂದ ತೆಗೆದು ಬಕೆಟ್ಟಿನ ನೀರಿಗೆ ಅದ್ದಿಬಿಟ್ಟಳು.